ವೆಬ್ ಸ್ಲೈಡ್‌ಗಳನ್ನು ಟರ್ಮಿನಲ್‌ನಿಂದಲೇ ಪಿಡಿಎಫ್ ಮಾಡುವುದು: ಕನ್ನಡ ಸ್ಲೈಡ್‌ಗಳಿಗೂ ಒಗ್ಗುವ ಸಮಗ್ರ ಮಾರ್ಗದರ್ಶಿ

ರಿವೀಲ್.ಜೆಎಸ್, ರಿಮಾರ್ಕ್, ಇಂಪ್ರೆಸ್, ಮಾರ್ಪ್, ಸ್ಲೈಡೆವ್ ಇವುಗಳಲ್ಲಿ ಮಾಡಿದ ಪ್ರೆಸೆಂಟೇಶನ್ ಎಂದರೆ ಮೂಲದಲ್ಲಿ ಒಂದು ವೆಬ್ ಪುಟ. ಬ್ರೌಸರಿನಲ್ಲಿ ತೆರೆದು ಬಾಣದ ಕೀಲಿ ಒತ್ತುತ್ತಾ ಹೋದರೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಆದರೆ ಕಾರ್ಯಾಗಾರದ ಸಂಘಟಕರು ಕೇಳುವುದು ಪಿಡಿಎಫ್. ಸಭಾಂಗಣದ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲದಿದ್ದಾಗ ಕೈಹಿಡಿಯುವುದೂ ಪಿಡಿಎಫ್, ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಬೇಕಾದದ್ದೂ ಪಿಡಿಎಫ್. ಸರಿ, ಕಂಟ್ರೋಲ್-ಪಿ ಒತ್ತಿ ಉಳಿಸೋಣ ಎಂದು ಹೊರಟರೆ ಒಂದೇ ಸ್ಲೈಡ್ ಬರುತ್ತದೆ, ಅದೂ ಬಲಗಡೆ ಕತ್ತರಿಸಿ, ಹಿನ್ನೆಲೆಯ ಬಣ್ಣ ಮಾಯವಾಗಿ.

ಸ್ಲೈಡ್ ತೆರೆಯ ಮೇಲೆ ಸರಿಯಾಗಿ ಕಾಣುವಾಗ ಬ್ರೌಸರ್ ಮತ್ತು ನೀವು ಸೇರಿ ಮೂರು ಸಂಗತಿಗಳನ್ನು ಸದ್ದಿಲ್ಲದೆ ಒದಗಿಸಿರುತ್ತೀರಿ: ಕಿಟಕಿಯ ಗಾತ್ರ, ಯಂತ್ರದಲ್ಲಿ ಇರುವ ಫಾಂಟ್‌ಗಳು, ಚಿತ್ರ-ಸಮೀಕರಣಗಳು ಮೂಡುವವರೆಗೆ ಕಾಯುವ ತಾಳ್ಮೆ. ಕಮಾಂಡ್‌ಲೈನ್‌ಗೆ ಈ ಮೂರನ್ನೂ ಬಾಯಿಬಿಟ್ಟು ಹೇಳಬೇಕು. ಹಾಳಾದ ಪಿಡಿಎಫ್ ಕೈಗೆ ಬಂದರೆ ಮೊದಲು ಈ ಮೂರರಲ್ಲಿ ಯಾವುದು ತಪ್ಪಿದೆ ಎಂದು ಹುಡುಕಿ.

ಕಮಾಂಡ್‌ಗಳನ್ನು ಓದುವ ಬಗೆ

ಇಲ್ಲಿ ಕಮಾಂಡ್‌ಗಳನ್ನೆಲ್ಲ ಉಚ್ಚಾರದಂತೆ ಕನ್ನಡ ಲಿಪಿಯಲ್ಲಿಯೇ ಬರೆದಿದೆ, ಫೋನಿನಲ್ಲಿ ಗೆಳೆಯರಿಗೆ ಹೇಳಿ ಬರೆಸಿದ ಹಾಗೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ಎಲ್ಲಿ ದೊಡ್ಡಕ್ಷರ ಬೇಕೋ ಅಲ್ಲಿ ಹೇಳಿದೆ. ಒಂಟಿ ಅಡ್ಡಗೆರೆ, ಜೋಡಿ ಅಡ್ಡಗೆರೆ, ಚುಕ್ಕಿ, ಉದ್ಧರಣ ಚಿಹ್ನೆ, ಖಾಲಿ ಜಾಗ ಎಲ್ಲವೂ ಕಂಡಂತೆಯೇ. ಜೋಡಿ ಅಡ್ಡಗೆರೆಯ ನಡುವೆ ಜಾಗ ಬಿಡಬಾರದು. ಅಳತೆಗಳ ನಡುವೆ ‘ಎಕ್ಸ್’ ಎಂದಿರುವಲ್ಲಿ ಆ ಒಂದು ಇಂಗ್ಲಿಷ್ ಅಕ್ಷರ ಮಾತ್ರ.

ಎರಡು ದಾರಿಗಳು, ಯಾವುದು ಯಾವಾಗ

ಮೊದಲನೆಯದು ಡೆಕ್‌ಟೇಪ್. ಇದು ಪಪೆಟಿಯರ್ ಎಂಬ ಲೈಬ್ರರಿಯ ಮೂಲಕ ಮುಖವಿಲ್ಲದ, ಅಂದರೆ ಕಿಟಕಿ ತೋರಿಸದೆ ಓಡುವ, ಕ್ರೋಮ್ ಒಂದನ್ನು ನಡೆಸಿ, ಸ್ಲೈಡ್‌ಗಳನ್ನು ಒಂದೊಂದಾಗಿ ಮುಂದೆ ತಳ್ಳಿ, ಪ್ರತಿಯೊಂದನ್ನೂ ಪಿಡಿಎಫ್ ಪುಟವಾಗಿ ಮುದ್ರಿಸಿ ಕೊನೆಗೆ ಹೊಲಿಯುತ್ತದೆ. ಸ್ಕ್ರೀನ್‌ಶಾಟ್ ಅಲ್ಲ, ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ, ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ಎರಡನೆಯದು ಕ್ರೋಮ್‌ಗೇ ನೇರವಾಗಿ ಮುದ್ರಿಸು ಎನ್ನುವುದು. ಸ್ಲೈಡ್ ಚೌಕಟ್ಟು ತಾನೇ ಮುದ್ರಣ ರೂಪ ಇಟ್ಟುಕೊಂಡಿದ್ದರೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ. ರಿವೀಲ್‌ಗೆ ಅದು ಇದೆ.

ನಮ್ಮ ಸಲಹೆ ಹೀಗೆ: ಬೇರೆಯವರು ಮಾಡಿದ, ಒಳಗೇನಿದೆ ಎಂದು ಗೊತ್ತಿಲ್ಲದ ಸ್ಲೈಡ್‌ಗಳಿಗೆ ಡೆಕ್‌ಟೇಪ್. ನಿಮ್ಮದೇ ರಿವೀಲ್ ಸ್ಲೈಡ್‌ಗಳಾಗಿದ್ದು, ಪ್ರತಿ ವಾರ ಹೊಸ ಪಿಡಿಎಫ್ ತೆಗೆಯಬೇಕಿದ್ದರೆ ಕ್ರೋಮ್ ಒಂದೇ ಸಾಕು. ಮಾರ್ಪ್ ಮತ್ತು ಸ್ಲೈಡೆವ್‌ಗೆ ಅವುಗಳದೇ ಕಮಾಂಡ್ ಇದೆ, ಅದು ಕೆಳಗೆ ಬರುತ್ತದೆ.

ಮೊದಲ ಹೆಜ್ಜೆ: ಫೈಲ್ ತೆರೆಯಬೇಡಿ, ಸರ್ವರ್ ನಡೆಸಿ

ಫೋಲ್ಡರಿನಲ್ಲಿರುವ ಇಂಡೆಕ್ಸ್ ಫೈಲನ್ನು ನೇರವಾಗಿ ‘ಫೈಲ್://’ ವಿಳಾಸದಿಂದ ಕೊಟ್ಟರೆ ಬ್ರೌಸರಿನ ಸುರಕ್ಷತಾ ನಿಯಮ ಅಡ್ಡ ಬರುತ್ತದೆ. ಬೇರೆ ಫೈಲಿನಲ್ಲಿರುವ ಮಾರ್ಕ್‌ಡೌನ್, ಅಂದರೆ ಸರಳ ಗುರುತುಗಳಿಂದ ಬರೆದ ಪಠ್ಯ, ಓದಲು ಆಗುವುದಿಲ್ಲ. ಫಲ, ಖಾಲಿ ಸ್ಲೈಡ್‌ಗಳ ಪಿಡಿಎಫ್. ಆದ್ದರಿಂದ ಸ್ಲೈಡ್ ಇರುವ ಫೋಲ್ಡರಿಗೆ ಹೋಗಿ ಒಂದು ಪುಟ್ಟ ಸರ್ವರ್ ಶುರು ಮಾಡಿ:

ಪೈಥಾನ್3 -ಎಂ ಎಚ್‌ಟಿಟಿಪಿ.ಸರ್ವರ್ 8000

ಆ ಕಿಟಕಿಯನ್ನು ಹಾಗೆಯೇ ಬಿಟ್ಟು, ಬ್ರೌಸರಿನಲ್ಲಿ ‘ಎಚ್‌ಟಿಟಿಪಿ://ಲೋಕಲ್‌ಹೋಸ್ಟ್:8000/’ ತೆರೆದು ಸ್ಲೈಡ್‌ಗಳು ಕಾಣುತ್ತಿವೆಯೇ ನೋಡಿ. ಇಲ್ಲಿ ಕಾಣದ್ದು ಪಿಡಿಎಫ್‌ನಲ್ಲೂ ಕಾಣುವುದಿಲ್ಲ. ಮುಂದಿನ ಕೆಲಸವೆಲ್ಲ ಇನ್ನೊಂದು ಟರ್ಮಿನಲ್ ಕಿಟಕಿಯಲ್ಲಿ. ‘ಕನೆಕ್ಷನ್ ರೆಫ್ಯೂಸ್ಡ್’ ಎಂಬ ದೋಷ ಬಂದರೆ ಸರ್ವರ್ ನಿಂತಿದೆ ಅಥವಾ ಪೋರ್ಟ್ ಸಂಖ್ಯೆ ತಪ್ಪಾಗಿದೆ ಎಂದರ್ಥ.

ಡೆಕ್‌ಟೇಪ್ ಹಾಕಿಕೊಳ್ಳುವುದು

ನೋಡ್.ಜೆಎಸ್‌ನ ಈಗಿನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ) ಆವೃತ್ತಿ ಇರಲಿ, ಡೆಕ್‌ಟೇಪ್ ಓಡುವುದು ಅದರ ಮೇಲೆ. ಲಿನಕ್ಸ್ ಭಂಡಾರಗಳಲ್ಲಿ ಬರುವ ನೋಡ್ ಕೆಲವೊಮ್ಮೆ ಹಳೆಯದಿರುತ್ತದೆ, ಆಗ ಡೆಕ್‌ಟೇಪ್ ಶುರುವಾಗುವ ಮೊದಲೇ ಮುಗ್ಗರಿಸುತ್ತದೆ. ಬಳಿಕ:

ಎನ್‌ಪಿಎಂ ಇನ್‌ಸ್ಟಾಲ್ -ಜಿ ಡೆಕ್‌ಟೇಪ್

ಜೊತೆಗೆ ಕ್ರೋಮ್‌ನ ಒಂದು ಪ್ರತಿಯೂ ಇಳಿಯುತ್ತದೆ. ನೂರು ಎಂಬಿಗಿಂತ ಹೆಚ್ಚಿನ ಡೌನ್‌ಲೋಡ್ ಇದು, ಮೊಬೈಲ್ ಡೇಟಾದ ಮೇಲಿದ್ದರೆ ಗಮನಿಸಿ. ಈಗಾಗಲೇ ಯಂತ್ರದಲ್ಲಿರುವ ಕ್ರೋಮನ್ನೇ ಬಳಸಬೇಕಿದ್ದರೆ ‘--ಕ್ರೋಮ್-ಪಾತ್’ ಆಯ್ಕೆಗೆ ಅದರ ಪೂರ್ಣ ಹಾದಿ ಕೊಡಬಹುದು. ಡಾಕರ್ ಬಳಸುವವರಿಗೆ ಸಿದ್ಧ ಇಮೇಜ್ ಕೂಡ ಇದೆ. ಆದರೆ ಅದರೊಳಗೆ ನಿಮ್ಮ ಕನ್ನಡ ಫಾಂಟ್ ಇರುತ್ತದೆ ಎಂದುಕೊಳ್ಳಬೇಡಿ.

ಮೊದಲ ಪ್ರಯತ್ನ ಹೀಗಿರಲಿ, ಎಲ್ಲ ಒಂದೇ ಸಾಲಿನಲ್ಲಿ:

ಡೆಕ್‌ಟೇಪ್ --ಸೈಜ್ 1280ಎಕ್ಸ್720 --ಲೋಡ್-ಪಾಝ್ 3000 --ಪಾಝ್ 1500 ರಿವೀಲ್ 'ಎಚ್‌ಟಿಟಿಪಿ://ಲೋಕಲ್‌ಹೋಸ್ಟ್:8000/' ಪಾಠ.ಪಿಡಿಎಫ್

‘ರಿವೀಲ್’ ಇರುವಲ್ಲಿ ರಿಮಾರ್ಕ್, ಇಂಪ್ರೆಸ್, ಬೆಸ್ಪೋಕ್, ಶವರ್, ಸ್ಲೈಡಿ, ಡಿಝಡ್‌ಸ್ಲೈಡ್ಸ್, ವೆಬ್‌ಸ್ಲೈಡ್ಸ್ ಹೀಗೆ ಚೌಕಟ್ಟಿನ ಹೆಸರು ಬರುತ್ತದೆ. ಹೆಸರು ಬಿಟ್ಟರೆ ಡೆಕ್‌ಟೇಪ್ ತಾನೇ ಗುರುತಿಸಲು ಹೊರಡುತ್ತದೆ. ಯಾವ ಚೌಕಟ್ಟಿಗೂ ಸೇರದ, ಕೈಯಲ್ಲೇ ಬರೆದ ಸ್ಲೈಡ್‌ಗಳಾದರೆ ‘ಜೆನೆರಿಕ್’ ಎಂದು ಬರೆಯಿರಿ. ಆಗ ಅದು ಮನುಷ್ಯರ ಹಾಗೆ ಬಲಬಾಣದ ಕೀಲಿ ಒತ್ತುತ್ತಾ, ಪುಟದಲ್ಲಿ ಬದಲಾವಣೆ ಆಗುತ್ತಿರುವಷ್ಟು ಹೊತ್ತು ಮುಂದುವರಿಯುತ್ತದೆ. ಕೊನೆಯ ಸ್ಲೈಡ್ ಮತ್ತೆ ಮೊದಲಿಗೆ ಸುತ್ತುವಂತಿದ್ದರೆ ಈ ಓಟಕ್ಕೆ ಕೊನೆಯೇ ಇರುವುದಿಲ್ಲ. ಅದಕ್ಕೆ ‘--ಮ್ಯಾಕ್ಸ್-ಸ್ಲೈಡ್ಸ್ 40’ ಎಂದು ಮಿತಿ ಹಾಕಿ. ಉಳಿದ ಆಯ್ಕೆಗಳ ಪಟ್ಟಿ ‘ಡೆಕ್‌ಟೇಪ್ ಜೆನೆರಿಕ್ -ಎಚ್’ ಎಂದರೆ ತೆರೆಯ ಮೇಲೆ ಬರುತ್ತದೆ.

ವಿಳಾಸದ ಸುತ್ತ ಉದ್ಧರಣ ಚಿಹ್ನೆ ಹಾಕುವುದನ್ನು ಮರೆಯಬೇಡಿ. ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಮ್ಯಾಕ್‌ನ ಝಡ್‌ಶೆಲ್ ಅದನ್ನು ಫೈಲ್ ಹುಡುಕುವ ಗುರುತೆಂದು ತಿಳಿದು ‘ನೋ ಮ್ಯಾಚಸ್ ಫೌಂಡ್’ ಎಂದು ನಿಂತುಬಿಡುತ್ತದೆ. ಆಂಪರ್‌ಸ್ಯಾಂಡ್ ಇದ್ದರಂತೂ ಸಾಮಾನ್ಯವಾಗಿ ಶೆಲ್ (ಕಮಾಂಡ್ ಓದುವ ತಂತ್ರಾಂಶ) ವಿಳಾಸವನ್ನು ಅಲ್ಲಿಗೇ ತುಂಡರಿಸಿ, ಉಳಿದದ್ದನ್ನು ಬೇರೆ ಕಮಾಂಡ್ ಎಂದು ಓದುತ್ತದೆ. ದೋಷದ ಸಂದೇಶ ನೋಡಿದರೆ ವಿಳಾಸದ ಮೇಲೆ ಅನುಮಾನವೇ ಬರುವುದಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಲಿನಕ್ಸ್‌ನಲ್ಲಿ ‘ಫೇಲ್ಡ್ ಟು ಲಾಂಚ್ ದ ಬ್ರೌಸರ್ ಪ್ರೋಸೆಸ್’ ಎಂದು ಬಂದರೆ ಸಾಮಾನ್ಯವಾಗಿ ಎರಡರಲ್ಲೊಂದು ಕಾರಣ. ಕ್ರೋಮ್‌ಗೆ ಬೇಕಾದ ಲೈಬ್ರರಿ ಇಲ್ಲದಿದ್ದರೆ ಸಂದೇಶದಲ್ಲೇ ಅದರ ಹೆಸರು ಇರುತ್ತದೆ, ಹಾಕಿಕೊಂಡರಾಯಿತು. ಸ್ಯಾಂಡ್‌ಬಾಕ್ಸ್ ಬಗ್ಗೆ ದೂರಿದರೆ ನೀವು ರೂಟ್ ಬಳಕೆದಾರರಾಗಿ ಓಡಿಸುತ್ತಿದ್ದೀರಿ, ಇಲ್ಲವೇ ನಿಮ್ಮದು ಉಬುಂಟು 23.10 ಅಥವಾ ಅದಕ್ಕಿಂತ ಹೊಸದು. ಅಲ್ಲಿ ಆ್ಯಪ್‌ಆರ್ಮರ್ ಎಂಬ ಸುರಕ್ಷತಾ ವ್ಯವಸ್ಥೆ ಈ ಸೌಲಭ್ಯವನ್ನು ಬಿಗಿಮಾಡಿದೆ. ‘--ಕ್ರೋಮ್-ಆರ್ಗ್=--ನೋ-ಸ್ಯಾಂಡ್‌ಬಾಕ್ಸ್’ ಸೇರಿಸಿದರೆ ಓಡುತ್ತದೆ. ಆದರೆ ಇದು ರಕ್ಷಣೆಯ ಗೋಡೆಯನ್ನು ತೆಗೆಯುವ ಕೆಲಸ. ನಿಮ್ಮದೇ ಸ್ಲೈಡ್‌ಗಳಿಗೆ ಸರಿ, ಅಪರಿಚಿತರ ವಿಳಾಸಕ್ಕೆ ಬೇಡ.

ಗಾತ್ರ

ರಿವೀಲ್ ಏನೂ ಹೇಳದಿದ್ದರೆ 960 ಅಗಲ, 700 ಎತ್ತರ ಎಂದು ಲೆಕ್ಕ ಹಾಕುತ್ತದೆ. ಇದು 16:9 ಅಲ್ಲ. ನೀವು 1280ಎಕ್ಸ್720 ಕೇಳಿದರೆ ಸ್ಲೈಡ್‌ನ ವಿಷಯ ನಡುವೆ ಕುಳಿತು ಎಡಬಲಕ್ಕೆ ಖಾಲಿ ಜಾಗ ಉಳಿಯುತ್ತದೆ. ಅದನ್ನು ಸರಿಪಡಿಸಬೇಕಾದ್ದು ಟರ್ಮಿನಲ್‌ನಲ್ಲಿ ಅಲ್ಲ, ಸ್ಲೈಡ್ ಫೈಲಿನಲ್ಲಿ: ರಿವೀಲ್ ಶುರುಮಾಡುವ ಸಾಲಿನಲ್ಲಿ ‘ವಿಡ್ತ್: 1280, ಹೈಟ್: 720’ ಎಂದು ಬರೆದು, ಅದೇ ಅಳತೆಯನ್ನು ಡೆಕ್‌ಟೇಪ್‌ಗೂ ಕೊಡಿ. ಎರಡೂ ಕಡೆ ಒಂದೇ ಸಂಖ್ಯೆ ಇದ್ದರೆ ಅಗಲ-ಎತ್ತರದ ಅನುಪಾತ ತಾಳೆಯಾಗುತ್ತದೆ. ಇದನ್ನು ಸ್ಲೈಡ್ ಬರೆಯುವ ಮೊದಲ ದಿನವೇ ಮಾಡುವುದು ಒಳ್ಳೆಯದು. ಮುಗಿದ ಮೇಲೆ ಅಳತೆ ಬದಲಿಸಿದರೆ ಪ್ರತಿ ಸಾಲೂ ಬೇರೆ ಕಡೆ ಮುರಿಯುತ್ತದೆ.

‘1920ಎಕ್ಸ್1080 ಕೊಟ್ಟರೆ ಹೆಚ್ಚು ಸ್ಪಷ್ಟ’ ಎಂಬ ನಂಬಿಕೆ ಇದೆ. ಅಕ್ಷರ ಮತ್ತು ರೇಖೆಗಳ ಮಟ್ಟಿಗೆ ಇದರಿಂದ ಏನೂ ಬದಲಾಗುವುದಿಲ್ಲ. ಪಿಡಿಎಫ್‌ನಲ್ಲಿ ಅವು ವೆಕ್ಟರ್, ಯಾವ ಗಾತ್ರದಲ್ಲೂ ಅಷ್ಟೇ ಸ್ಪಷ್ಟ. ಬದಲಾಗುವುದು ಪುಟದ ಅಳತೆ ಮಾತ್ರ. ಬ್ರೌಸರ್ ಒಂದು ಇಂಚಿಗೆ 96 ಪಿಕ್ಸೆಲ್ ಎಂದು ಎಣಿಸುತ್ತದೆ, ಪಿಡಿಎಫ್ ಒಂದು ಇಂಚಿಗೆ 72 ಪಾಯಿಂಟ್ ಎಂದು. ಹಾಗಾಗಿ 1280 ಪಿಕ್ಸೆಲ್ ಅಗಲ 960 ಪಾಯಿಂಟ್ ಆಗುತ್ತದೆ, 720 ಎತ್ತರ 540 ಆಗುತ್ತದೆ. ಕೊನೆಯಲ್ಲಿ ಪರೀಕ್ಷೆ ಮಾಡುವಾಗ ಈ ಸಂಖ್ಯೆ ಬೇಕಾಗುತ್ತದೆ.

ಕಾಯುವ ಸಮಯ, ಅದರ ಎರಡು ಬಗೆ

‘--ಲೋಡ್-ಪಾಝ್’ ಮೊದಲ ಸಲ ಪುಟ ತೆರೆದಾಗ ಎಷ್ಟು ಕಾಯಬೇಕು ಎಂಬುದು, ಹೇಳದಿದ್ದರೆ ಸೊನ್ನೆ. ‘--ಪಾಝ್’ ಪ್ರತಿ ಸ್ಲೈಡ್‌ಗೆ ಹೋದ ಮೇಲೆ ಮುದ್ರಿಸುವ ಮೊದಲು ಕಾಯುವುದು, ಹೇಳದಿದ್ದರೆ 1000. ಎರಡೂ ಮಿಲಿಸೆಕೆಂಡಿನಲ್ಲಿ, ಅಂದರೆ 1000 ಎಂದರೆ ಒಂದು ಸೆಕೆಂಡು. ಮ್ಯಾಥ್‌ಜಾಕ್ಸ್ ಸಮೀಕರಣಗಳಿದ್ದರೆ ಮೊದಲನೆಯದನ್ನು 3000ದಿಂದ 5000ಕ್ಕೆ ಏರಿಸಿ. ಹೊರಳಿ ಸರಿದು ಬರುವ ಇಂಪ್ರೆಸ್ ಸ್ಲೈಡ್‌ಗಳಿಗೆ, ನಿಧಾನವಾಗಿ ಬೆಳೆಯುವ ಚಾರ್ಟ್‌ಗಳಿಗೆ ಎರಡನೆಯದು ಮುಖ್ಯ. ಅರ್ಧ ತಿರುಗಿದ ಸ್ಲೈಡ್, ಅರ್ಧ ಬೆಳೆದ ಕಂಬ ಸಿಕ್ಕರೆ ಅದು ಸಾಲಲಿಲ್ಲ ಎಂದೇ ತಿಳಿಯಿರಿ.

ಫಾಂಟ್ ವಿಷಯದಲ್ಲಿ ಇಲ್ಲೊಂದು ಸೂಕ್ಷ್ಮವಿದೆ. ಬ್ರೌಸರ್ ವೆಬ್ ಫಾಂಟ್‌ಗಳನ್ನು ಪುಟ ತೆರೆದ ಕೂಡಲೇ ಎಲ್ಲವನ್ನೂ ಇಳಿಸಿಕೊಳ್ಳುವುದಿಲ್ಲ. ಆ ಫಾಂಟ್ ಬೇಕಾದ ಅಕ್ಷರ ತೆರೆಯ ಮೇಲೆ ಬಂದಾಗಲೇ ತರಿಸಿಕೊಳ್ಳುತ್ತದೆ. ಏಳನೆಯ ಸ್ಲೈಡ್‌ನಲ್ಲಿ ಮೊದಲ ಬಾರಿ ದಪ್ಪಕ್ಷರ ಬಳಸಿದ್ದೀರಿ, ಅದುವರೆಗೆ ಆ ಸ್ಲೈಡ್ ಅಡಗಿತ್ತು ಎನ್ನಿ. ದಪ್ಪ ಫಾಂಟಿನ ಡೌನ್‌ಲೋಡ್ ಶುರುವಾಗುವುದೇ ಏಳನೆಯ ಸ್ಲೈಡ್‌ಗೆ ಬಂದಾಗ. ಆರಂಭದಲ್ಲಿ ಹತ್ತು ಸೆಕೆಂಡು ಕಾದರೂ ಇದಕ್ಕೆ ಪ್ರಯೋಜನವಿಲ್ಲ. ‘--ಪಾಝ್’ ಸಾಲದಿದ್ದರೆ ಆ ಒಂದು ಪುಟ ಬೇರೆ ಅಕ್ಷರದಲ್ಲಿ, ಕೆಲವೊಮ್ಮೆ ಅಕ್ಷರವೇ ಇಲ್ಲದೆ ಮುದ್ರಣವಾಗುತ್ತದೆ. ‘ಒಂದೇ ಒಂದು ಪುಟ ಮಾತ್ರ ಯಾಕೆ ಹೀಗೆ’ ಎಂಬ ಒಗಟಿಗೆ ಬಹುಪಾಲು ಉತ್ತರ ಇದೇ. ಶಾಶ್ವತ ಪರಿಹಾರವೆಂದರೆ ಫಾಂಟ್ ಫೈಲನ್ನು ಸ್ಲೈಡ್ ಫೋಲ್ಡರಿನಲ್ಲೇ ಇಟ್ಟುಕೊಳ್ಳುವುದು. ಸ್ಥಳೀಯ ಸರ್ವರಿನಿಂದ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ.

ಒಂದೊಂದಾಗಿ ಮೂಡುವ ಸಾಲುಗಳು

ರಿವೀಲ್‌ನ ಫ್ರಾಗ್‌ಮೆಂಟ್‌ಗಳನ್ನು, ಅಂದರೆ ಒತ್ತಿದಾಗಲೆಲ್ಲ ಒಂದೊಂದು ಸಾಲು ಮೂಡುವುದನ್ನು, ಎರಡು ದಾರಿಗಳೂ ಬೇರೆ ಬೇರೆಯಾಗಿ ನೋಡುತ್ತವೆ. ಡೆಕ್‌ಟೇಪ್ ತಾನಾಗಿ ಎಲ್ಲ ಸಾಲುಗಳನ್ನೂ ಒಟ್ಟಿಗೆ ತೋರಿಸಿ ಒಂದೇ ಪುಟ ಮಾಡುತ್ತದೆ. ಪ್ರತಿ ಹಂತವೂ ಒಂದೊಂದು ಪುಟ ಆಗಬೇಕಿದ್ದರೆ ವಿಳಾಸದ ಕೊನೆಗೆ ‘?ಫ್ರಾಗ್‌ಮೆಂಟ್ಸ್=ಟ್ರೂ’ ಸೇರಿಸಿ. ರಿವೀಲ್‌ನ ಸ್ವಂತ ಮುದ್ರಣ ರೂಪವೋ ಇದಕ್ಕೆ ತದ್ವಿರುದ್ಧ, ಅದು ತಾನಾಗಿಯೇ ಬಿಡಿಸಿ ಬಿಡಿಸಿ ಪುಟ ಮಾಡುತ್ತದೆ. 20 ಸ್ಲೈಡ್ ಇದ್ದದ್ದು 60 ಪುಟವಾಗಿ ಬಂದರೆ ಗಾಬರಿ ಬೇಡ. ರಿವೀಲ್ ಶುರುಮಾಡುವಲ್ಲಿ ‘ಪಿಡಿಎಫ್ಸೆಪರೇಟ್ಫ್ರಾಗ್ಮೆಂಟ್ಸ್: ಫಾಲ್ಸ್’ ಎಂದು ಹಾಕಿ, ಈ ಒಂದು ಹೆಸರಿನಲ್ಲಿ ‘ಸೆಪರೇಟ್’ ಮತ್ತು ‘ಫ್ರಾಗ್ಮೆಂಟ್ಸ್’ ಶುರುವಾಗುವ ಅಕ್ಷರಗಳು ದೊಡ್ಡವು.

ಓದಲು ಹಂಚುವ ಪ್ರತಿಗೆ ಒಟ್ಟಾದ ಪುಟಗಳೇ ಮೇಲು. ಪಿಡಿಎಫ್ ಇಟ್ಟುಕೊಂಡೇ ವೇದಿಕೆಯಲ್ಲಿ ಮಾತಾಡುವುದಾದರೆ ಬಿಡಿಸಿದ ಪುಟಗಳು ಬೇಕು. ಎರಡನ್ನೂ ತೆಗೆದು ಬೇರೆ ಹೆಸರಿನಲ್ಲಿ ಇಟ್ಟುಕೊಂಡರೆ ನಿಶ್ಚಿಂತೆ.

ಕೆಲವೇ ಸ್ಲೈಡ್‌ಗಳು ಸಾಕೆಂದರೆ ಡೆಕ್‌ಟೇಪ್‌ಗೆ ‘--ಸ್ಲೈಡ್ಸ್ 1,4-9’ ಎನ್ನಿ. ಇದನ್ನು ಪರೀಕ್ಷೆಗೂ ಬಳಸಿ: ದೊಡ್ಡ ಡೆಕ್‌ನಲ್ಲಿ ತೊಂದರೆ ಕೊಡುವ ಎರಡೇ ಸ್ಲೈಡ್ ತೆಗೆದು ನೋಡಿದರೆ ಪ್ರತಿ ಬಾರಿ ಪೂರ್ತಿ ಓಟಕ್ಕೆ ಕಾಯಬೇಕಿಲ್ಲ.

ಕ್ರೋಮ್ ಒಂದರಿಂದಲೇ

ಮುಖವಿಲ್ಲದೆ ಓಡುವ ಸೌಲಭ್ಯ ಕ್ರೋಮ್‌ಗೆ 2017ರಿಂದ ಇದೆ. ರಿವೀಲ್ ಸ್ಲೈಡ್‌ಗೆ ಕಮಾಂಡ್ ಹೀಗೆ:

ಗೂಗಲ್-ಕ್ರೋಮ್ --ಹೆಡ್‌ಲೆಸ್ --ನೋ-ಪಿಡಿಎಫ್-ಹೆಡರ್-ಫುಟರ್ --ವರ್ಚುವಲ್-ಟೈಮ್-ಬಜೆಟ್=10000 --ಪ್ರಿಂಟ್-ಟು-ಪಿಡಿಎಫ್=ಪಾಠ.ಪಿಡಿಎಫ್ 'ಎಚ್‌ಟಿಟಿಪಿ://ಲೋಕಲ್‌ಹೋಸ್ಟ್:8000/?ಪ್ರಿಂಟ್-ಪಿಡಿಎಫ್'

‘ಹೆಡರ್-ಫುಟರ್’ ಆಯ್ಕೆ ಬಿಟ್ಟರೆ ಪ್ರತಿ ಪುಟದ ಅಂಚಿನಲ್ಲೂ ದಿನಾಂಕ, ಶೀರ್ಷಿಕೆ, ವಿಳಾಸ ಅಚ್ಚಾಗುತ್ತವೆ. ಹಳೆಯ ಲೇಖನಗಳಲ್ಲಿ ಇದೇ ಕೆಲಸಕ್ಕೆ ‘--ಪ್ರಿಂಟ್-ಟು-ಪಿಡಿಎಫ್-ನೋ-ಹೆಡರ್’ ಎಂದಿರುತ್ತದೆ. ಅದು ಹಿಂದಿನ ಹೆಸರು. ‘ಟೈಮ್-ಬಜೆಟ್’ ಎಂದರೆ ಪುಟದೊಳಗಿನ ಗಡಿಯಾರವನ್ನು ಹತ್ತು ಸೆಕೆಂಡಿನಷ್ಟು ಮುಂದೆ ಓಡಿಸಿ ಆಮೇಲೆ ಮುದ್ರಿಸು ಎಂದು. ನಿಜವಾಗಿ ಹತ್ತು ಸೆಕೆಂಡು ಕಾಯಬೇಕಾಗಿ ಬರುವುದಿಲ್ಲ.

ವಿಳಾಸದಲ್ಲಿ ‘?ಪ್ರಿಂಟ್-ಪಿಡಿಎಫ್’ ಇರಬೇಕಾದ ಜಾಗ ಮುಖ್ಯ. ಬ್ರೌಸರಿನಿಂದ ನಕಲು ಮಾಡಿದ ವಿಳಾಸದ ಕೊನೆಯಲ್ಲಿ ಹ್ಯಾಶ್ ಚಿಹ್ನೆ ಮತ್ತು ಸ್ಲೈಡ್ ಸಂಖ್ಯೆ ಇರುತ್ತದೆ. ಹ್ಯಾಶ್ ಆದ ಮೇಲೆ, ಅದರ ಬಲಕ್ಕೆ ಸೇರಿಸಿದರೆ ರಿವೀಲ್‌ಗೆ ಅದು ಕಾಣುವುದೇ ಇಲ್ಲ, ಒಂದೇ ಸ್ಲೈಡ್ ಮುದ್ರಣವಾಗುತ್ತದೆ. ಹ್ಯಾಶ್‌ಗಿಂತ ಮೊದಲು, ಎಡಕ್ಕೆ ಹಾಕಬೇಕು, ಅಥವಾ ಹ್ಯಾಶ್ ಭಾಗವನ್ನೇ ಅಳಿಸಿಬಿಡಿ.

ಸ್ವಂತ ಚೌಕಟ್ಟು ಬರೆದುಕೊಂಡವರು ಸ್ಟೈಲ್ ಫೈಲಿನಲ್ಲಿ ಪುಟದ ಅಳತೆ ಹೇಳಲೇಬೇಕು:

@ಪೇಜ್ { ಸೈಜ್: 1280ಪಿಎಕ್ಸ್ 720ಪಿಎಕ್ಸ್; ಮಾರ್ಜಿನ್: 0; }

ಇದಿಲ್ಲದಿದ್ದರೆ ಕ್ರೋಮ್ ಅಮೆರಿಕದ ಲೆಟರ್ ಕಾಗದವನ್ನು, ಅಂದರೆ ಎಂಟೂವರೆ ಇಂಚು ಅಗಲ, ಹನ್ನೊಂದು ಇಂಚು ಉದ್ದದ ನಿಂತ ಪುಟವನ್ನು ಇಟ್ಟುಕೊಳ್ಳುತ್ತದೆ. ಅಡ್ಡ ಸ್ಲೈಡ್ ಅದರ ಮೇಲೆ ಕತ್ತರಿಸಿಹೋಗುವುದು ಸಹಜ. ಪ್ರತಿ ಸ್ಲೈಡ್‌ನ ಹಿಂದೆ ಒಂದೊಂದು ಖಾಲಿ ಪುಟ ಬರುತ್ತಿದ್ದರೆ ಸ್ಲೈಡ್‌ನ ಎತ್ತರ ಪುಟಕ್ಕಿಂತ ಒಂದು ಪಿಕ್ಸೆಲ್‌ನಷ್ಟಾದರೂ ಹೆಚ್ಚಿದೆ. ಸ್ಲೈಡ್‌ನ ಎತ್ತರವನ್ನು 719ಕ್ಕೆ ಇಳಿಸಿ ನೋಡಿ.

ಮ್ಯಾಕ್‌ನಲ್ಲಿ ಕ್ರೋಮ್‌ನ ಹಾದಿಯಲ್ಲಿ ಖಾಲಿ ಜಾಗವಿದೆ, ಇಡೀ ಹಾದಿಯನ್ನು ಉದ್ಧರಣದಲ್ಲಿಡಿ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಹಾಗೆ ಉದ್ಧರಣದಲ್ಲಿಟ್ಟ ಹಾದಿಗಿಂತ ಮೊದಲು ಒಂದು ಆಂಪರ್‌ಸ್ಯಾಂಡ್ ಕೂಡ ಬೇಕು. ಉಬುಂಟುವಿನ ಕ್ರೋಮಿಯಂ ಸ್ನ್ಯಾಪ್ ಪೊಟ್ಟಣದಲ್ಲಿ ಬರುತ್ತದೆ, ಅದಕ್ಕೆ ತನ್ನದೇ ಬೇರೆ ‘ಟೆಂಪ್’ ಫೋಲ್ಡರ್ ಇರುತ್ತದೆ. ಪಿಡಿಎಫ್ ಬರೆದೆ ಎಂದು ಹೇಳಿದರೂ ನಿಮ್ಮ ‘ಟೆಂಪ್’ನಲ್ಲಿ ಫೈಲ್ ಇರುವುದಿಲ್ಲ. ಹೋಮ್ ಫೋಲ್ಡರಿನ ಒಳಗೆ, ಚುಕ್ಕಿಯಿಂದ ಶುರುವಾಗದ ಫೋಲ್ಡರಿನಲ್ಲಿ ಬರೆಸಿ.

ಕನ್ನಡ ಸ್ಲೈಡ್‌ಗಳು

ಇಂಗ್ಲಿಷ್ ಸ್ಲೈಡ್ ಆದರೆ ಇಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಕನ್ನಡಕ್ಕೆ ಇನ್ನೂ ನಾಲ್ಕು ಕಡೆ ಕಣ್ಣಿಡಬೇಕು, ನಾವು ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಬೇಕೆಂದೇ.

ಮೊದಲನೆಯದು ಫಾಂಟ್ ಇದೆಯೇ ಎಂಬುದು. ಸರ್ವರ್ ಯಂತ್ರಗಳಲ್ಲಿ, ಡಾಕರ್‌ನೊಳಗೆ ಸಾಮಾನ್ಯವಾಗಿ ಕನ್ನಡ ಫಾಂಟ್ ಇರುವುದಿಲ್ಲ. ಆಗ ಪುಟದ ತುಂಬ ಖಾಲಿ ಚೌಕಗಳು. ‘ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್’ ಎಂದು ಕೇಳಿ; ಉತ್ತರ ಖಾಲಿಯಾಗಿ ಬಂದರೆ ಕನ್ನಡ ಫಾಂಟ್ ಇಲ್ಲ. ಡೆಬಿಯನ್, ಉಬುಂಟುಗಳಲ್ಲಿ ‘ಫಾಂಟ್ಸ್-ಗುಬ್ಬಿ’, ‘ಫಾಂಟ್ಸ್-ನವಿಲು’ ಎಂಬ ಪೊಟ್ಟಣಗಳಿವೆ. ನೋಟೊ ಸಾನ್ಸ್ ಕನ್ನಡ ‘ಫಾಂಟ್ಸ್-ನೋಟೊ-ಕೋರ್’ನಲ್ಲಿ ಸಿಗುತ್ತದೆ. ಹಾಕಿದ ಮೇಲೆ ‘ಎಫ್‌ಸಿ-ಕ್ಯಾಶ್ -ಎಫ್’ ಓಡಿಸಿ. ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ನೋಡಿ ಸಾಲುಗಳನ್ನು ಹೊಂದಿಸಿ, ಲಿನಕ್ಸ್‌ನಲ್ಲಿ ಪಿಡಿಎಫ್ ತೆಗೆದರೆ ಸಾಲು ಮುರಿಯುವ ಜಾಗವೆಲ್ಲ ಬದಲಾಗುತ್ತದೆ. ಆದ್ದರಿಂದ ಮತ್ತೆ ಅದೇ ಮಾತು: ಫಾಂಟ್ ಫೈಲ್ ಸ್ಲೈಡ್ ಫೋಲ್ಡರಿನಲ್ಲೇ ಇರಲಿ, ‘@ಫಾಂಟ್-ಫೇಸ್’ ಮೂಲಕ ಅದನ್ನೇ ಕರೆಯಿರಿ. ಡಾಕರ್‌ನ ತೊಂದರೆಯೂ ಇದರಿಂದಲೇ ತೀರುತ್ತದೆ.

ಎರಡನೆಯದು ಫಾಂಟಿನ ಬಗೆ. ಒಂದೇ ಫೈಲಿನಲ್ಲಿ ತೆಳುವಿನಿಂದ ದಪ್ಪದವರೆಗೆ ಎಲ್ಲ ತೂಕಗಳೂ ಇರುವ ವೇರಿಯಬಲ್ ಫಾಂಟ್‌ಗಳು ವೆಬ್‌ಗೆ ಅನುಕೂಲ. ಪಿಡಿಎಫ್ ಮಾಡುವಾಗ ಮಾತ್ರ ಕ್ರೋಮ್ ಅವನ್ನು ‘ಟೈಪ್ 3’ ಎಂಬ ರೂಪದಲ್ಲಿ ಅಡಕ ಮಾಡುತ್ತದೆ. ಕೆಲವು ಪಿಡಿಎಫ್ ಓದುಗ ತಂತ್ರಾಂಶಗಳಲ್ಲಿ ಈ ಅಕ್ಷರಗಳು ಸಣ್ಣ ಗಾತ್ರದಲ್ಲಿ ಒರಟಾಗಿ ಕಾಣುತ್ತವೆ. ಸಾಧಾರಣ ಮತ್ತು ದಪ್ಪ ಎಂದು ಎರಡು ಬೇರೆ ಸ್ಟ್ಯಾಟಿಕ್ ಫೈಲ್ ಇಟ್ಟುಕೊಳ್ಳಿ. ದಪ್ಪದ ಫೈಲ್ ಕೊಡದಿದ್ದರೆ ಬ್ರೌಸರ್ ಸಾಧಾರಣ ಅಕ್ಷರಕ್ಕೇ ಮಸಿ ಬಳಿದು ದಪ್ಪ ಮಾಡುತ್ತದೆ, ಒತ್ತಕ್ಷರಗಳ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ಓರೆ ಅಕ್ಷರವಂತೂ ಕನ್ನಡ ಫಾಂಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ, ಕಾಣುವುದು ಬ್ರೌಸರ್ ಬಲವಂತವಾಗಿ ವಾಲಿಸಿದ ರೂಪ. ಸ್ಟೈಲ್‌ನಲ್ಲಿ ‘ಫಾಂಟ್-ಸಿಂಥೆಸಿಸ್: ನನ್’ ಎಂದು ಬರೆದರೆ ಎರಡೂ ನಿಲ್ಲುತ್ತವೆ. ಒತ್ತು ಕೊಡಬೇಕಾದಲ್ಲಿ ಬಣ್ಣ ಬಳಸಿ.

ಮೂರನೆಯದು ಸಾಲಿನ ಎತ್ತರ. ‘ರಾಷ್ಟ್ರ’, ‘ಸ್ತ್ರೀ’, ‘ವಸ್ತ್ರ’ ಇಂಥ ಪದಗಳಲ್ಲಿ ಒತ್ತುಗಳು ಸಾಲಿನ ಕೆಳಗೆ ಆಳಕ್ಕೆ ಇಳಿಯುತ್ತವೆ. ಇಂಗ್ಲಿಷ್ ಶೀರ್ಷಿಕೆಗೆಂದು ಥೀಮ್‌ಗಳು ಇಟ್ಟಿರುವ 1.2ರ ಸಾಲೆತ್ತರ ಇದಕ್ಕೆ ಸಾಲದು. ತೆರೆಯ ಮೇಲೆ ಕೆಳಸಾಲಿಗೆ ತಾಗಿದಂತೆ ಕಂಡದ್ದು, ಉಕ್ಕುವುದನ್ನು ಅಡಗಿಸುವ ಪೆಟ್ಟಿಗೆಯೊಳಗಿದ್ದರೆ ಪಿಡಿಎಫ್‌ನಲ್ಲಿ ಕತ್ತರಿಸಿಯೇ ಬರುತ್ತದೆ. ಶೀರ್ಷಿಕೆಗೆ 1.4, ಪಠ್ಯಕ್ಕೆ 1.5ರಿಂದ 1.6 ಕೊಡಿ.

ನಾಲ್ಕನೆಯದು ಹುಡುಕಾಟ. ಪಿಡಿಎಫ್ ಒಳಗೆ ಮೂಲತಃ ಇರುವುದು ಅಕ್ಷರದ ಆಕೃತಿಗಳು, ಅವು ಪುಟದ ಮೇಲೆ ನಿಂತ ಕ್ರಮದಲ್ಲಿ. ಅರ್ಕಾವೊತ್ತು ಉಚ್ಚಾರದಲ್ಲಿ ಮೊದಲು, ಬರಹದಲ್ಲಿ ವ್ಯಂಜನದ ಬಲಕ್ಕೆ. ಆಕೃತಿಗಳಿಂದ ಪಠ್ಯವನ್ನು ಮರಳಿ ಕಟ್ಟುವಾಗ ಈ ಕ್ರಮ ತಿರುಗುಮುರುಗಾಗಿ ‘ಕರ್ನಾಟಕ’ ಎಂಬುದು ‘ಕನಾರ್ಟಕ’ ಆಗಿ ಹೊರಬರುತ್ತದೆ. ಕನ್ನಡ ಪಿಡಿಎಫ್‌ಗಳಿಂದ ನಕಲು ಮಾಡಿದ ಎಷ್ಟೋ ಪಠ್ಯಗಳಲ್ಲಿ ಈ ತಪ್ಪು ಕಾಣುವುದು ಇದರಿಂದಲೇ. ನೋಡಲು ಪುಟ ಸರಿಯಾಗಿಯೇ ಇರುತ್ತದೆ, ಹುಡುಕಿದರೆ ಪದ ಸಿಗುವುದಿಲ್ಲ. ಇದನ್ನು ಪೂರ್ತಿ ತಡೆಯುವ ಆಯ್ಕೆ ಡೆಕ್‌ಟೇಪ್‌ನಲ್ಲಿ ಇಲ್ಲ. ಪಠ್ಯ ಬೇರೆಯವರ ಕೆಲಸಕ್ಕೂ ಬರಲಿ ಎಂದಿದ್ದರೆ ಪಿಡಿಎಫ್ ಜೊತೆಗೆ ಮೂಲ ಮಾರ್ಕ್‌ಡೌನ್ ಫೈಲನ್ನೂ ಹಂಚಿ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಬರೆದ ಪಠ್ಯವಾದರೆ ಸ್ಲೈಡ್‌ಗೆ ಹಾಕುವ ಮೊದಲೇ ಯೂನಿಕೋಡ್‌ಗೆ ಬದಲಿಸಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಬರಿ ಇಂಗ್ಲಿಷ್ ಅಕ್ಷರಗಳ ರಾಶಿ.

ಮಾರ್ಪ್, ಸ್ಲೈಡೆವ್

ಇವಕ್ಕೆ ಡೆಕ್‌ಟೇಪ್ ಬೇಕಿಲ್ಲ. ಮಾರ್ಪ್‌ನ ಸಿಎಲ್‌ಐ ಇದ್ದರೆ ‘ಮಾರ್ಪ್ ಪಾಠ.ಎಂಡಿ --ಪಿಡಿಎಫ್’ ಸಾಕು, ಪುಟ 1280ಎಕ್ಸ್720 ಆಗಿಯೇ ಬರುತ್ತದೆ. ಫೋಲ್ಡರಿನಲ್ಲಿರುವ ಚಿತ್ರಗಳು ಬಾರದಿದ್ದರೆ ‘--ಅಲೋ-ಲೋಕಲ್-ಫೈಲ್ಸ್’ ಸೇರಿಸಿ. ಸುರಕ್ಷತೆಗಾಗಿ ಅದನ್ನು ಮುಚ್ಚಿಟ್ಟಿರುತ್ತಾರೆ. ಸ್ಲೈಡೆವ್‌ನಲ್ಲಿ ಯೋಜನೆಗೆ ‘ಪ್ಲೇರೈಟ್-ಕ್ರೋಮಿಯಂ’ ಸೇರಿಸಿಕೊಂಡು ‘ಸ್ಲೈಡೆವ್ ಎಕ್ಸ್‌ಪೋರ್ಟ್’ ಎನ್ನಿ. ಹಂತಹಂತದ ಪುಟ ಬೇಕಿದ್ದರೆ ‘--ವಿತ್-ಕ್ಲಿಕ್ಸ್’.

ಪಿಡಿಎಫ್ ಪರೀಕ್ಷೆ

ಫೈಲ್ ಹುಟ್ಟಿದೆ ಎಂದಮಾತ್ರಕ್ಕೆ ಕಳಿಸಬೇಡಿ. ‘ಪಾಪ್ಲರ್-ಯುಟಿಲ್ಸ್’ ಪೊಟ್ಟಣ ಹಾಕಿಕೊಂಡರೆ ಬೇಕಾದ ನಾಲ್ಕೂ ಉಪಕರಣ ಬರುತ್ತವೆ.

‘ಪಿಡಿಎಫ್‌ಇನ್ಫೋ ಪಾಠ.ಪಿಡಿಎಫ್’ ಪುಟಗಳ ಸಂಖ್ಯೆ ಮತ್ತು ಅಳತೆ ಹೇಳುತ್ತದೆ. 1280ಎಕ್ಸ್720 ಕೇಳಿದ್ದರೆ ಅಲ್ಲಿ ಹೆಚ್ಚುಕಡಿಮೆ 960 ಮತ್ತು 540 ಇರಬೇಕು, ದಶಮಾಂಶದ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಡಿ. 612 ಮತ್ತು 792 ಕಂಡರೆ ಅದು ಲೆಟರ್ ಕಾಗದ, ‘@ಪೇಜ್’ ನಿಯಮ ಹತ್ತಿಲ್ಲ.

‘ಪಿಡಿಎಫ್‌ಫಾಂಟ್ಸ್ ಪಾಠ.ಪಿಡಿಎಫ್’ ಫಾಂಟ್‌ಗಳ ಪಟ್ಟಿ ಕೊಡುತ್ತದೆ. ‘ಎಂಬ್’ ಎಂಬ ಅಂಕಣದಲ್ಲಿ ಎಲ್ಲಕ್ಕೂ ‘ಯೆಸ್’ ಇರಬೇಕು. ಅಂದರೆ ಫಾಂಟ್ ಫೈಲಿನೊಳಗೇ ಅಡಕವಾಗಿದೆ, ಯಾವ ಯಂತ್ರದಲ್ಲೂ ಹಾಗೆಯೇ ಕಾಣುತ್ತದೆ. ನೀವು ಕೇಳದ ಹೆಸರೊಂದು ಪಟ್ಟಿಯಲ್ಲಿದ್ದರೆ ಯಾವುದೋ ಸ್ಲೈಡ್‌ನಲ್ಲಿ ಬದಲಿ ಫಾಂಟ್ ನುಸುಳಿದೆ. ‘-ಎಫ್ 7 -ಎಲ್ 7’ ಎಂದು ಪುಟದ ಮಿತಿ ಕೊಟ್ಟು ಯಾವ ಪುಟ ಎಂದು ಹಿಡಿಯಬಹುದು.

‘ಪಿಡಿಎಫ್‌ಟುಟೆಕ್ಸ್ಟ್ ಪಾಠ.ಪಿಡಿಎಫ್ -’ ಎಂದರೆ ಪಠ್ಯ ತೆರೆಗೆ ಬರುತ್ತದೆ, ಅರ್ಕಾವೊತ್ತಿರುವ ಪದಗಳನ್ನು ಇಲ್ಲಿ ನೋಡಿ. ಹೆಸರಿನಲ್ಲಿರುವ ‘ಟು’ ಮೂರಕ್ಷರದ ಇಂಗ್ಲಿಷ್ ಪದವಲ್ಲ, ಎರಡಕ್ಷರದ್ದು. ಕೊನೆಗೆ ‘ಪಿಡಿಎಫ್‌ಟುಪಿಪಿಎಂ -ಆರ್ 50 -ಪಿಎನ್‌ಜಿ ಪಾಠ.ಪಿಡಿಎಫ್ ನೋಟ’ ಎಂದು ಪುಟಗಳ ಚಿಕ್ಕ ಚಿತ್ರ ತೆಗೆದು ಒಟ್ಟಿಗೆ ಹರಡಿ ನೋಡಿದರೆ ಖಾಲಿ ಪುಟ, ಅರ್ಧ ಮೂಡಿದ ಚಾರ್ಟ್ ಥಟ್ಟನೆ ಕಣ್ಣಿಗೆ ಬೀಳುತ್ತವೆ. ವಿಡಿಯೊ ಇರುವ ಪುಟಗಳನ್ನು ಬೇರೆಯಾಗಿ ನೋಡಿ. ಪಿಡಿಎಫ್‌ಗೆ ಬರುವುದು ನಿಂತ ಚಿತ್ರ ಮಾತ್ರ, ಪೋಸ್ಟರ್ ಚಿತ್ರ ಕೊಡದಿದ್ದರೆ ಅದು ಕಪ್ಪು ಚೌಕವೂ ಆಗಬಹುದು. ವಿಡಿಯೊದ ಲಿಂಕನ್ನು ಸ್ಲೈಡ್‌ನಲ್ಲಿ ಅಕ್ಷರದಲ್ಲೂ ಬರೆದಿಡಿ.

ಫೈಲ್ ದೊಡ್ಡದಾದರೆ

‘ಪಿಡಿಎಫ್‌ಇಮೇಜಸ್ -ಲಿಸ್ಟ್ ಪಾಠ.ಪಿಡಿಎಫ್’ ಎಂದು ಮೊದಲು ಕಾರಣ ಹುಡುಕಿ. ಮೊಬೈಲಿನಲ್ಲಿ ತೆಗೆದ 4000 ಪಿಕ್ಸೆಲ್‌ನ ಫೋಟೊಗಳನ್ನು ಹಾಗೆಯೇ ಹಾಕಿದ್ದರೆ ಮೂಲದಲ್ಲೇ 1920ಕ್ಕೆ ಇಳಿಸಿ. ಮಸುಕಾದ ನೆರಳು, ಬ್ಲರ್ ಫಿಲ್ಟರ್‌ಗಳನ್ನು ಕ್ರೋಮ್ ಚಿತ್ರವಾಗಿ ಬದಲಿಸಿ ಸೇರಿಸುತ್ತದೆ, ಅಲಂಕಾರಕ್ಕೆ ಮಾತ್ರ ಇದ್ದರೆ ತೆಗೆಯಿರಿ. ಕ್ಯಾನ್ವಾಸ್ ಚಾರ್ಟ್‌ಗಳ ಬದಲು ಎಸ್‌ವಿಜಿ ಚಾರ್ಟ್ ಬಳಸಿದರೆ ಫೈಲೂ ಚಿಕ್ಕದು, ಗೆರೆಯೂ ಚೂಪು. ಮೂಲ ಕೈಯಲ್ಲಿಲ್ಲ ಎಂದಾಗ ಮಾತ್ರ ಘೋಸ್ಟ್‌ಸ್ಕ್ರಿಪ್ಟ್:

ಜಿಎಸ್ -ಓ ಸಣ್ಣ.ಪಿಡಿಎಫ್ -ಎಸ್‌ಡಿವೈಸ್=ಪಿಡಿಎಫ್‌ರೈಟ್ -ಡಿಪಿಡಿಎಫ್‌ಸೆಟಿಂಗ್ಸ್=/ಇಬುಕ್ ಪಾಠ.ಪಿಡಿಎಫ್

ಇದರಲ್ಲಿ ‘ಡಿವೈಸ್’ ಮತ್ತು ‘ಪಿಡಿಎಫ್‌ಸೆಟಿಂಗ್ಸ್’ ಪೂರ್ತಿ ದೊಡ್ಡಕ್ಷರ, ಅವುಗಳ ಮುಂದಿನ ಎಸ್ ಮತ್ತು ಡಿ ಸಣ್ಣಕ್ಷರ. ‘ಇಬುಕ್’ ಚಿತ್ರಗಳನ್ನು ಇಂಚಿಗೆ 150 ಚುಕ್ಕಿಗೆ ಇಳಿಸುತ್ತದೆ, ‘ಸ್ಕ್ರೀನ್’ 72ಕ್ಕೆ. 72 ಪ್ರೊಜೆಕ್ಟರ್ ಮೇಲೆ ಮಸುಕಾಗಿ ಕಾಣುತ್ತದೆ, ಅದರ ಗೋಜಿಗೆ ಹೋಗಬೇಡಿ. ಇಳಿಸಿದ ಮೇಲೆ ಲಿಂಕ್‌ಗಳು ಕೆಲಸ ಮಾಡುತ್ತಿವೆಯೇ, ಪಠ್ಯ ಇನ್ನಷ್ಟು ಕೆಟ್ಟಿದೆಯೇ ಎಂದು ಮತ್ತೆ ನೋಡಿ.

ಎಲ್ಲವನ್ನೂ ಒಂದು ಸ್ಕ್ರಿಪ್ಟ್‌ಗೆ ಸೇರಿಸುವಾಗ

ಸಾಲುಗಳ ಕ್ರಮ ಹೀಗಿರಲಿ. ಮೊದಲು ‘ಸೆಟ್ -ಇ’, ಯಾವ ಹೆಜ್ಜೆ ತಪ್ಪಿದರೂ ಅಲ್ಲೇ ನಿಲ್ಲಲೆಂದು. ಆಮೇಲೆ ಪೈಥಾನ್ ಸರ್ವರ್, ಸಾಲಿನ ಕೊನೆಗೆ ಆಂಪರ್‌ಸ್ಯಾಂಡ್ ಹಾಕಿ ಹಿನ್ನೆಲೆಗೆ. ಅದರ ಮರುಸಾಲಿನಲ್ಲೇ ‘ಟ್ರ್ಯಾಪ್ "ಕಿಲ್ $!" ಎಕ್ಸಿಟ್’, ಇಲ್ಲಿ ‘ಎಕ್ಸಿಟ್’ ದೊಡ್ಡಕ್ಷರ. ಈ ಸಾಲು ಬಿಟ್ಟರೆ ಸ್ಕ್ರಿಪ್ಟ್ ಮುಗಿದರೂ ಸರ್ವರ್ ಜೀವಂತ ಉಳಿದು, ಮುಂದಿನ ಸಲ 8000 ಪೋರ್ಟ್ ಖಾಲಿಯಿಲ್ಲ ಎಂಬ ದೋಷ ಬರುತ್ತದೆ. ಸರ್ವರ್ ಎದ್ದು ನಿಲ್ಲಲು ‘ಸ್ಲೀಪ್ 2’. ನಂತರ ಡೆಕ್‌ಟೇಪ್, ಕೊನೆಗೆ ಪಿಡಿಎಫ್‌ಇನ್ಫೋ ಮತ್ತು ಪಿಡಿಎಫ್‌ಫಾಂಟ್ಸ್. ಪಿಡಿಎಫ್‌ನ ಹೆಸರಿನಲ್ಲಿ ದಿನಾಂಕ ಸೇರಿಸಿದರೆ ಹಳೆಯ ಪ್ರತಿ ಅಳಿಯುವುದಿಲ್ಲ. ಫೈಲ್ ಹೆಸರನ್ನು ಇಂಗ್ಲಿಷ್ ಅಕ್ಷರ ಮತ್ತು ಅಡ್ಡಗೆರೆಗಳಲ್ಲೇ ಇಡಿ. ಮೇಲಿನ ‘ಪಾಠ’, ‘ಸಣ್ಣ’, ‘ನೋಟ’ ಇವು ತಿಳಿಯಲೆಂದು ಬರೆದ ಹೆಸರುಗಳು. ಹಳೆಯ ಜಿಪ್ ತಂತ್ರಾಂಶಗಳು ಕನ್ನಡದ ಫೈಲ್ ಹೆಸರನ್ನು ಪ್ರಶ್ನಾರ್ಥಕ ಚಿಹ್ನೆಗಳಾಗಿ ಮಾಡಿಬಿಡುತ್ತವೆ.